ಸಾವಕಾರನ ಸೊಂಟದ ಅಳತೆ

ಇದನ್ನು ಹೇಳಬೇಕು ಹೇಳಬೇಕು ಎಂದುಕೊಂಡೇ ಮೂರು ವರ್ಷ ದೂಡಿದ್ದೇನೆ. ಮೊದಲ ವರ್ಷ ಕಣ್ಣಿನ ಪೊರೆ ತೆಗೆಸಿದ ನೆಪ. ಎರಡನೆಯ ವರ್ಷ ಅಂಗಡಿಯ ಮೇಲಿನ ಪತ್ರಾಸ್ ತಗಡು ಬದಲಿಸಿದ ನೆಪ. ಮೂರನೆಯ ವರ್ಷ ನೆಪವೂ ಸಿಗಲಿಲ್ಲ, ಸುಮ್ಮನೆ ದೂಡಿದೆ. ಮೊನ್ನೆ ಹೊಲಿಗೆ ಮಷಿನ್ನಿನ ಡ್ರಾವರಿನಲ್ಲಿ ಬಾಬಿನ್ ಹುಡುಕುವಾಗ ಒಂದು ಹಳೆಯ ಟೇಪು ಕೈಗೆ ಬಂತು. ಹಳದಿ ಬಣ್ಣ ಹೋಗಿ ಬೂದಿ ಬಣ್ಣವಾಗಿದೆ, ಅಂಚು ಎಳೆ ಎಳೆಯಾಗಿದೆ. ಇಪ್ಪತ್ತೆರಡೂವರೆ ಇಂಚಿನ ಮೇಲೆ ನೀಲಿ ಪೆನ್ನಿನ ಒಂದು ಗೀಟು. ಅಲ್ಲಿಂದ ಹಿಂದಕ್ಕೆ ಇಪ್ಪತ್ತೊಂದು, ಇಪ್ಪತ್ತು, ಹದಿನೆಂಟೂ ಮುಕ್ಕಾಲು, ಹದಿನೇಳು, ಹೀಗೆ ಹದಿನೈದರ ತನಕ ಗೀಟುಗಳು. ನೋಡಿದ ಕೂಡಲೇ ಮೈ ಉರಿಯಿತು. ಕತ್ತರಿ ತೆಗೆದುಕೊಂಡೆ, ತುಂಡು ತುಂಡು ಮಾಡಿ ತಿಪ್ಪೆಗೆ ಎಸೆಯೋಣವೆಂದು. ಮಾಡಲಿಲ್ಲ. ಅದನ್ನು ಮುಂದೆ ಇಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಅದು ಯಾವ ಗಿರಾಕಿಯ ಅಳತೆಯೂ ಅಲ್ಲ. ನನ್ನ ಬೆಕ್ಕಿನ ಸೊಂಟದ ಅಳತೆ.

ನಗುವುದಿದ್ದರೆ ಈಗಲೇ ನಕ್ಕುಬಿಡಿ. ಬಸವಕಲ್ಯಾಣದ ಪೇಟೆಯಲ್ಲಿ ಎಲ್ಲರೂ ನಕ್ಕಾಗಿದೆ. ಬೆಕ್ಕಿಗೆ ಸಕ್ಕರೆ ಕಾಯಿಲೆ ಬಂದಿತ್ತು, ದಿನಕ್ಕೆರಡು ಸಲ ಇನ್ಸುಲಿನ್ ಕೊಡಿಸಿದೆ ಎಂದರೆ ಚಹಾದ ಅಂಗಡಿಯಲ್ಲಿ ಕೂತವರು ಬಸಿ ಕೆಳಗಿಟ್ಟು ನಗುತ್ತಾರೆ. ಮುಂದಿನ ವಾರ ಅದಕ್ಕೆ ಕನ್ನಡಕವನ್ನೂ ಹಾಕಿಸಿ ಎನ್ನುತ್ತಾರೆ. ಅವರ ಮೇಲೆ ನನಗೆ ಸಿಟ್ಟು ಬರುತ್ತದೆ. ಬಂದರೂ ಏನೂ ಮಾಡುವುದಿಲ್ಲ, ಯಾಕೆಂದರೆ ಅವರೆಲ್ಲ ನನ್ನ ಗಿರಾಕಿಗಳು. ನಮ್ಮ ಮನೆತನದ ಸಿಟ್ಟು ಹಾಗೆಯೇ. ಎದುರಿಗೆ ಯಾರಿದ್ದಾರೆಂದು ನೋಡಿಕೊಂಡು ಬರುವ ಸಿಟ್ಟು ಅದು.

ಈ ಸಿಟ್ಟು ನನಗೆ ಅಪ್ಪನಿಂದ ಬಂದದ್ದು. ಅಪ್ಪನದು ಹುಮನಾಬಾದಿನ ಹಳೇ ಬಜಾರಿನಲ್ಲಿ ಟೇಲರಿಂಗ್ ಅಂಗಡಿ. ನಾನು ಮೆಟ್ರಿಕ್ ಮುಗಿಸುವ ತನಕ ಬೆಳೆದದ್ದು ಆ ಅಂಗಡಿಯ ಕಟಿಂಗ್ ಟೇಬಲ್ಲಿನ ಕೆಳಗೆ ಎಂದರೂ ತಪ್ಪಿಲ್ಲ. ಇದ್ದಿಲಿನ ಇಸ್ತ್ರಿಯ ವಾಸನೆ, ಹೊಸ ಬಟ್ಟೆಯ ಗಂಜಿಯ ವಾಸನೆ, ಸೀಮೆಸುಣ್ಣದ ಚಪ್ಪಟೆ ತುಂಡು ಇವೇ ನನ್ನ ಬಾಲ್ಯ. ಗಿರಾಕಿಯ ಹೊಟ್ಟೆ ಬೆಳೆದಿದ್ದರೆ ಅಪ್ಪ ಅದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ನನಗೆ ಅಳತೆ ಬರೆದುಕೊಳ್ಳಲು ಹೇಳುವಾಗ ಎರಡು ಇಂಚು ಕಡಿಮೆ ಕೂಗುತ್ತಿದ್ದ. ಆಮೇಲೆ ಪುಸ್ತಕದಲ್ಲಿ ಸದ್ದಿಲ್ಲದೆ ತಿದ್ದುತ್ತಿದ್ದ. ಗಿರಾಕಿಯಾಗಿ ಬಂದ ಗೌಡರು ಖುಷಿಯಾಗಿ ಹೋಗುತ್ತಿದ್ದರು. ಅವರು ಹೋದ ಮೇಲೆ, ನಾನು ಅಂಕಿ ವಕ್ರವಾಗಿ ಬರೆದಿದ್ದೇನೆಂದು ಗಜದ ಪಟ್ಟಿಯಿಂದ ಬಾರಿಸುತ್ತಿದ್ದ. ಸಿಟ್ಟು ಬಂದಾಗ ಅಪ್ಪ ಕೈಗೆ ಸಿಕ್ಕಿದ್ದನ್ನು ಎಸೆಯುತ್ತಿದ್ದ. ರೀಲು ಎಸೆದ, ಗಜ ಎಸೆದ, ಒಮ್ಮೆ ನೀರು ತುಂಬಿದ ತಂಬಿಗೆಯನ್ನೇ ಎಸೆದ. ಕತ್ತರಿಯನ್ನು ಮಾತ್ರ ಎಂದೂ ಎಸೆಯಲಿಲ್ಲ. ಬಿದ್ದರೆ ಅದರ ಸಾಣೆ ಹೋಗುತ್ತದೆ. ಚಿಕ್ಕವನಿದ್ದಾಗ ಅಪ್ಪನ ಸಿಟ್ಟು ಕುರುಡು ಎಂದುಕೊಂಡಿದ್ದೆ. ಕುರುಡು ಸಿಟ್ಟಿಗೆ ಕತ್ತರಿಯ ಸಾಣೆಯ ಚಿಂತೆ ಇರುತ್ತದೆಯೇ?

ಆಮೇಲೆ ಬಸವಕಲ್ಯಾಣಕ್ಕೆ ಬಂದು, ಕೋಟೆಗೆ ಹೋಗುವ ರಸ್ತೆಯ ಮೇಲೆ ನನ್ನದೇ ಅಂಗಡಿ ಹಾಕಿದೆ. ಹಿಂದೆ ಮನೆ, ಮುಂದೆ ಅಂಗಡಿ, ನಡುವೆ ಸಣ್ಣ ಅಂಗಳ. ಟೇಲರಿಗೆ ಬೆಕ್ಕು ಬೇಕೇ ಬೇಕು. ಮದುವೆಯ ಕೋಟಿನ ಬಟ್ಟೆಯನ್ನು ಇಲಿ ಒಂದು ಕಡೆ ಕಡಿದರೂ ಹೊಲಿದವನ ಮಾನ ಹೋಗುತ್ತದೆ. ನಮ್ಮ ಬೆಕ್ಕು ಹಾಗೆ ಬಂದದ್ದು. ಕಂದು ಪಟ್ಟೆಯ ಗಂಡು ಬೆಕ್ಕು. ಎರಡನೆಯ ವರ್ಷಕ್ಕೇ ಬಟ್ಟೆಯ ಗಂಟಿನ ಮೇಲೆ ಕೂತು, ಬಂದ ಗಿರಾಕಿಗಳನ್ನು ಅರ್ಧ ಕಣ್ಣು ಮುಚ್ಚಿ ನೋಡುವ ಅದರ ಠೀವಿಗೆ ನನ್ನ ಹೆಂಡತಿ ನೀಲಮ್ಮ ಸಾವಕಾರ ಎಂದು ಹೆಸರಿಟ್ಟಳು. ಇಲಿಗಳನ್ನೇನೋ ಹೆದರಿಸುತ್ತಿತ್ತು. ಹಿಡಿದು ತಿನ್ನುವುದನ್ನು ನಾನು ಬಿಡಿಸಿದೆ.

ಹೌದು, ಬಿಡಿಸಿದೆ. ನನ್ನ ಮೊದಲ ಪಾಪ ಅದು. ನಮ್ಮದು ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನೆ, ತತ್ತಿಯ ಸಿಪ್ಪೆ ಕೂಡ ಹೊಸ್ತಿಲು ದಾಟಿದ್ದಿಲ್ಲ. ಸಾವಕಾರ ಮರಿಯಾಗಿದ್ದಾಗಿನಿಂದ ಅದಕ್ಕೆ ಹಾಲು-ಅನ್ನ, ಮೇಲೆ ಒಂದು ಚಮಚ ತುಪ್ಪ, ಒಂದು ಚೂರು ಬೆಲ್ಲ. ಹಬ್ಬಕ್ಕೆ ಹೋಳಿಗೆ, ಗಿರಾಕಿಗಳು ಗಂಡು ಹುಟ್ಟಿತೆಂದೋ ಮನೆ ಕಟ್ಟಿದೆವೆಂದೋ ಪೇಢಾ ತಂದರೆ ಅದರಲ್ಲಿ ಸಾವಕಾರನಿಗೂ ಒಂದು ಪಾಲು. ಇಲಿ ಹಿಡಿದು ತಂದರೆ ಬಾಯಿಂದ ಕಸಿದು ಎಸೆದು, ತಲೆಗೊಂದು ಮೊಟಕಿ, ಹಾಲು ಕೊಡುತ್ತಿದ್ದೆ. ಅಂಗಡಿಗೆ ಬಂದವರಿಗೆಲ್ಲ ನಮ್ಮ ಬೆಕ್ಕು ಶುದ್ಧ ಶಾಕಾಹಾರಿ ಎಂದು ಹೇಳಿಕೊಂಡೆ. ಇದನ್ನು ಕೇಳಿ ಕೇಳಿ ಬೇಸತ್ತ ಒಬ್ಬ ಗಿರಾಕಿ, 'ಹಂಗಾದ್ರ ಅದಕ್ಕೂ ಒಂದ್ ಲಿಂಗ ಕಟ್ಸಿ ಬಿಡ್ರಲ್ಲ ಮಾಸ್ತರ್, ಯಾಕ ಕಮ್ಮಿ ಮಾಡ್ತೀರಿ' ಎಂದ. ಅದು ಚೇಷ್ಟೆ ಎಂದೂ ನನಗೆ ತಿಳಿಯಲಿಲ್ಲ. ಹಿಗ್ಗಿದೆ.

ಬೆಕ್ಕು ಹಿಗ್ಗಿತು. ಆರನೆಯ ವರ್ಷಕ್ಕೆ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಎಂಟು ಕಿಲೋ ತೂಗಿತು. ಹೊಟ್ಟೆ ನೆಲ ಸವರುತ್ತಿತ್ತು. ಗಂಟಿನ ಮೇಲೆ ಜಿಗಿಯಲಾಗದೆ ಕೆಳಗೆ ನಿಂತು ನನ್ನನ್ನು ನೋಡುತ್ತಿತ್ತು, ಎತ್ತಿ ಕೂರಿಸು ಎಂದು. ಆಗ ನಾನು ಅದನ್ನು ಇಳಿಸುತ್ತೇನೆಂದು ಹಟ ತೊಟ್ಟೆ. ಹೇಗೆ ಇಳಿಸಬೇಕೆಂದು ಯಾರನ್ನೂ ಕೇಳಲಿಲ್ಲ. ಐವತ್ತು ವರ್ಷ ಜನರ ಸೊಂಟ ಅಳೆದವನು ಬೆಕ್ಕಿನ ಸೊಂಟಕ್ಕೆ ಇನ್ನೊಬ್ಬರನ್ನು ಕೇಳುವುದೇ? ತುಪ್ಪ ಬಂದ್ ಮಾಡಿದೆ. ಹಾಲು-ಅನ್ನ ಅರ್ಧ ಮಾಡಿದೆ. ಶಕ್ತಿ ಹೋಗಬಾರದೆಂದು ಬೆಲ್ಲ ಹಾಗೇ ಇಟ್ಟೆ. ಪ್ರತಿ ಸೋಮವಾರ ಪೂಜೆ ಮುಗಿದ ಮೇಲೆ ಹಣೆಯ ವಿಭೂತಿ ಆರುವ ಮೊದಲೇ ಬೆಕ್ಕನ್ನು ಕಟಿಂಗ್ ಟೇಬಲ್ಲಿನ ಮೇಲೆ ನಿಲ್ಲಿಸಿ ಟೇಪು ಸುತ್ತುತ್ತಿದ್ದೆ, ಗೀಟು ಎಳೆಯುತ್ತಿದ್ದೆ.

ಮೊದಲ ಒಂದೂವರೆ ವರ್ಷ ಗೀಟು ಅಲುಗಲಿಲ್ಲ. ಆಮೇಲೆ ನೋಡಿ, ಪವಾಡದಂತೆ ಇಳಿಯತೊಡಗಿತು. ಒಂದೇ ತಿಂಗಳಲ್ಲಿ ಒಂದೂವರೆ ಇಂಚು. ನಾನು ಬಂದವರಿಗೆಲ್ಲ ಟೇಪು ತೋರಿಸಿದೆ. ಹೊಟ್ಟೆ ಬಂದ ಗಿರಾಕಿಗಳಿಗೆ, ಅಪ್ಪನ ರಿವಾಜು ಮುರಿದು, ಬೆಕ್ಕನ್ನು ನೋಡಿ ಕಲಿಯಿರಿ ಎಂದೆ. ಬೆಕ್ಕು ಮೊದಲಿಗಿಂತ ಹೆಚ್ಚು ತಿನ್ನುತ್ತಿತ್ತು, ಅನ್ನದ ತಾಟಿನ ತಳ ನೆಕ್ಕಿ ಮತ್ತೆ ಕೂಗುತ್ತಿತ್ತು. ಇಸ್ತ್ರಿಗೆಂದು ಇಟ್ಟ ನೀರಿನ ಬೋಗುಣಿಯನ್ನು ದಿನಕ್ಕೆರಡು ಸಲ ಖಾಲಿ ಮಾಡುತ್ತಿತ್ತು. ಬೆನ್ನಿನ ಮೇಲೆ ಕೈ ಆಡಿಸಿದರೆ ಎಲುಬು ಮಣಿಸರದಂತೆ ಸಿಗುತ್ತಿತ್ತು. ನಾನು ಕೈ ಆಡಿಸುತ್ತಿರಲಿಲ್ಲ. ಟೇಪು ನೋಡುತ್ತಿದ್ದೆ.

ನೋಡುವವಳು ಅಂಗಡಿಯಲ್ಲಿ ಬೇರೊಬ್ಬಳಿದ್ದಳು. ಇಪ್ಪತ್ತಾರು ವರ್ಷ ನನ್ನ ಅಂಗಡಿಯ ಬಾಗಿಲ ಪಕ್ಕದ ಮೂಲೆಯಲ್ಲಿ ಗೋಣಿ ತರಟಿನ ಮೇಲೆ ಕೂತು ಗುಂಡಿ ತೂರುವ ಕಾಜಾ ಹೊಲಿದವಳು, ಗುಂಡಿ ಹಚ್ಚಿದವಳು, ಅಂಚು ಮಡಚಿ ತುರುಪು ಹಾಕಿದವಳು. ಎಲ್ಲರೂ ಕಾಜಾಬಾಯಿ ಎನ್ನುತ್ತಿದ್ದರು. ನನಗಿಂತ ಹತ್ತು ವರ್ಷ ಚಿಕ್ಕವಳು. ತವರು ಗೋರ್ಟಾ. ಬುದ್ಧನಿಗೆ ನಡೆದುಕೊಳ್ಳುವ ಮನೆಯವಳು, ದಾರದ ಡಬ್ಬಿಯ ಮುಚ್ಚಳದ ಒಳಗೆ ಬುದ್ಧನ ಸಣ್ಣ ಪಟ ಅಂಟಿಸಿಕೊಂಡಿದ್ದಳು. ಆಕೆ ಹೊಲಿದ ಕಾಜಾ ಅಂಗಿ ಹರಿದು ಚಿಂದಿಯಾದರೂ ಬಾಯಿ ಬಿಡುತ್ತಿರಲಿಲ್ಲ. ಅಂಗಿಯನ್ನು ಹೊಗಳಿದವರಿಗೆ ನಾನು ಹಲ್ಲು ಕಿಸಿದು ತಲೆಯಾಡಿಸುತ್ತಿದ್ದೆನೇ ಹೊರತು ಕಾಜಾ ಯಾರದೆಂದು ಹೇಳಿದವನಲ್ಲ. ಆಕೆಗೂ ಹತ್ತು ವರ್ಷದಿಂದ ಶುಗರ್ ಇತ್ತು. ಮಧ್ಯಾಹ್ನ ಊಟಕ್ಕೆ ಮೊದಲು ಟ್ರಯಲ್ ಪರದೆಯ ಹಿಂದೆ ಹೋಗಿ ತನ್ನ ಹೊಟ್ಟೆಗೆ ತಾನೇ ಇನ್ಸುಲಿನ್ ಚುಚ್ಚಿಕೊಂಡು ಬಂದು ಡಬ್ಬಿ ಬಿಚ್ಚುತ್ತಿದ್ದಳು. ಆ ಹೊತ್ತಿಗೆ ಸಾವಕಾರ ಎಲ್ಲಿದ್ದರೂ ಎದ್ದು ಆಕೆಯ ಮಗ್ಗುಲಿಗೆ ಹೋಗುತ್ತಿತ್ತು. ಪ್ರೀತಿ ಎಂದುಕೊಂಡಿದ್ದೆ.

ಆ ಬೇಸಿಗೆಯಲ್ಲಿ ಒಂದು ದಿನ ಆಕೆ ಸೂಜಿ ಕೆಳಗಿಟ್ಟು ಅಂದಳು: 'ಮಾಸ್ತರ್, ಸಾವಕಾರ ಉಚ್ಚಿ ಹೊಯ್ದಲ್ಲಿ ಇರುವಿ ಮುತ್ಲಾಕತ್ತಾವ ನೋಡ್ರಿ.'

ಬೇಸಿಗೆಯಲ್ಲಿ ಇರುವೆ ಬರದೆ ಇನ್ನೇನು ಬರುತ್ತದೆ ಎಂದೆ.

'ಬ್ಯಾಸಗಿ ಇರುವಿ ಬೆಲ್ಲಕ್ಕ ಹೋಗ್ತಾವ್ರಿ, ಬೆಕ್ಕಿನ ಉಚ್ಚಿಗಿ ಯಾಕ ಬರ್ತಾವ? ನೀರ ಎಷ್ಟ್ ಕುಡಿತದ ನೋಡೀರೇನು? ಹಿಂಗಾಲು ನೋಡ್ರಿ, ಹಿಮ್ಮಡಿ ಊರಿ ನಡಿಲಾಕತ್ತದ. ನನಗ ಶುರು ಆದಾಗ ಹಿಂಗೇ ಆಗಿತ್ತು. ಶುಗರ್ ಅದ ಅದಕ್ಕ.'

ನಾನು ಟೇಪು ಎತ್ತಿ ಹಿಡಿದೆ. ಹದಿನೈದಕ್ಕೆ ಇಳಿಸಿದ್ದೇನೆ, ಇಳಿದ ಮೈಗೆ ಶುಗರ್ ಎಲ್ಲಿಂದ ಬಂತು ಎಂದೆ. 'ನೀ ನಿನ್ನ ಕಾಜಾ ನೋಡು' ಅಂತಲೂ ಅಂದೆ. ಆಕೆ ತನ್ನ ಕಾಜಾ ನೋಡಿದಳು. ಆದರೆ ಮರುದಿನ ಮತ್ತೆ ಹೇಳಿದಳು, ಅದರ ಮರುದಿನವೂ ಹೇಳಿದಳು. ಮೂರು ದಿನ ಹೇಳಿಸಿಕೊಂಡ ಸಿಟ್ಟು ಒಳಗೆ ಕೂತಿತ್ತು.

ನಾಲ್ಕನೆಯ ದಿನ ಮಧ್ಯಾಹ್ನ ಗುಂಡಿಯ ಪೊಟ್ಟಣ ತೆಗೆದುಕೊಳ್ಳಲು ಆಕೆಯ ಮೂಲೆಗೆ ಹೋದೆ. ಡಬ್ಬಿಯಲ್ಲಿ ಅರ್ಧ ಬೇಯಿಸಿದ ತತ್ತಿ. ಇನ್ನರ್ಧ ಸಾವಕಾರನ ಬಾಯಲ್ಲಿ.

ಎಷ್ಟು ದಿನದಿಂದ ಎಂದು ಕೇಳಿದೆ. ಆಕೆ ಸುಳ್ಳು ಹೇಳಬಹುದಿತ್ತು. 'ಎರಡ್ ವರ್ಷ ಆತ್ರಿ. ಹಸ್ದು ನನ್ನ ಡಬ್ಬಿ ಮೂಸ್ತಿತ್ತು, ನೋಡ್ಲಾಕ ಆಗಲಿಲ್ಲ' ಎಂದಳು.

ಡಬ್ಬಿ ಎತ್ತಿ ರಸ್ತೆಗೆ ಎಸೆದೆ. ಕತ್ತರಿ ಡಬ್ಬಿಯ ಪಕ್ಕದಲ್ಲೇ ಇತ್ತು, ಅದನ್ನು ಎಸೆಯಲಿಲ್ಲ. ಎಸೆದು ಆಡಿದ ಮಾತನ್ನು ಇಲ್ಲಿ ಬರೆಯದೆ ದಾಟಿಸಿಬಿಡಲು ಬಹಳ ನೋಡಿದೆ. ಬರೆಯದಿದ್ದರೆ ಇದೆಲ್ಲ ಬರೆದೂ ಏನು ಬಂತು? 'ನನ್ನ ಬೆಕ್ಕ ಕೆಡಿಸಿದಿ. ನಿಮ್ಮ ಮಂದಿ ಕೈಯಾಗ ಬಿದ್ದದ್ದು ಯಾವುದು ಸುದ್ದ ಉಳದದ?' ಎಂದೆ. ಬಾಗಿಲಲ್ಲಿ ಪ್ಯಾಂಟಿಗೆ ಕಾದಿದ್ದ ರಿಟೈರ್ಡ್ ಹೆಡ್ ಮಾಸ್ತರರೊಬ್ಬರು ಇದ್ದರು. ಅವರು ಪೇಪರಿನಲ್ಲಿ ಮುಖ ಮುಚ್ಚಿಕೊಂಡರು. ಒಳಗೆ ಬರುವ ದಾರಿಯುದ್ದಕ್ಕೂ ಗೋಡೆಗಳ ಮೇಲೆ ಎಲ್ಲರೂ ಸಮಾನರು ಎಂದು ಬಣ್ಣದಲ್ಲಿ ಬರೆದಿರುವ ಊರಿದು. ನನ್ನ ಅಂಗಡಿಯ ಮಗ್ಗುಲ ಗೋಡೆಯ ಮೇಲೂ ಬರೆದಿದೆ. ಅದಕ್ಕೆ ಬಣ್ಣ ಬಳಿಸಿದವನೂ ನಾನೇ. ಥೂ.

ಆಕೆ ಹೋಗಿ ಡಬ್ಬಿ ಎತ್ತಿಕೊಂಡಳು, ಸೆರಗಿನಿಂದ ಮಣ್ಣು ಒರೆಸಿದಳು. ಬಂದು ದಾರದ ಡಬ್ಬಿ, ಸೂಜಿ, ಬೆರಳಿನ ಟೋಪಿ ಎಲ್ಲ ಚೀಲಕ್ಕೆ ಹಾಕಿಕೊಂಡಳು. ಅರ್ಧ ಹೊಲಿದ ಕಾಜಾದ ಅಂಗಿಯನ್ನು ಮಡಚಿ ನನ್ನ ಟೇಬಲ್ಲಿನ ಮೇಲಿಟ್ಟಳು. 'ಬೆಕ್ಕಿಗಿ ದವಾಖಾನಿಗಿ ಒಯ್ರಿ ಮಾಸ್ತರ್. ಸಿಟ್ಟ ನನ್ನ ಮ್ಯಾಲ ಇರ್ಲಿ' ಎಂದು ಹೇಳಿ ಹೋದಳು.

ಒಯ್ಯಲಿಲ್ಲ. ಒಯ್ದರೆ ಆಕೆಯ ಮಾತು ಕೇಳಿದಂತಾಗುತ್ತದಲ್ಲ. ಆರನೆಯ ದಿನ ಬೆಕ್ಕು ಏಳಲಿಲ್ಲ. ನೀರಿನ ಬೋಗುಣಿಯ ಪಕ್ಕ ತಲೆ ಚೆಲ್ಲಿ ಮಲಗಿತ್ತು, ಕರೆದರೆ ಕಿವಿ ಮಾತ್ರ ಆಡಿಸಿತು. ನೀಲಮ್ಮ ಕಾಜಾಬಾಯಿಯನ್ನು ಕರೆಸಿರಿ ಎಂದಳು, ನಾನು ಮಷಿನ್ನಿನ ಕಡೆ ತಿರುಗಿದೆ. ಆಗ ನೀಲಮ್ಮ ಚಪ್ಪಲಿ ಮೆಟ್ಟಿ ತಾನೇ ಹೋದಳು. ಹೋಗಿ ಏನು ಹೇಳಿದಳೋ, ಎಷ್ಟು ಹೇಳಿದಳೋ, ಇವತ್ತಿಗೂ ನನಗೆ ತಿಳಿಸಿಲ್ಲ. ಅರ್ಧ ತಾಸಿನಲ್ಲಿ ಇಬ್ಬರೂ ಬಂದರು. ಕಾಜಾಬಾಯಿ ನನ್ನ ಮುಖ ನೋಡದೆ ಬೆಕ್ಕನ್ನು ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡಳು.

ನಾಯಿ ಬೆಕ್ಕು ನೋಡುವ ಹೆಣ್ಣು ಡಾಕ್ಟರೊಬ್ಬರು ಹುಮನಾಬಾದಿನಲ್ಲಿದ್ದರು. ಬಸ್ಸಿನಲ್ಲಿ ಹೋದೆವು. ಕಾಜಾಬಾಯಿ ಬೆಕ್ಕನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತಳು. ಪಕ್ಕದ ಸೀಟು ಖಾಲಿ ಇತ್ತು. ನಾನು ಹೋಗಿ ಎರಡು ಸಾಲು ಮುಂದೆ, ಪರಿಚಯವೇ ಇಲ್ಲದವನ ಹಾಗೆ ಕೂತೆ. ಸಸ್ತಾಪುರ ಬಂಗ್ಲಾ ದಾಟಿ ಹೆದ್ದಾರಿ ಹಿಡಿಯುವ ತನಕ ಬೆಕ್ಕು ಸತ್ತಿತೋ ಬದುಕಿದೆಯೋ ಎಂದು ತಿರುಗಿ ನೋಡುವ ಧೈರ್ಯವಾಗಲಿಲ್ಲ. ಆಮೇಲೆ ಕಂಡಕ್ಟರ್ ಕೇಳಿದ್ದು ಕೇಳಿಸಿತು, ಏನು ಬಾಯಿ ಕೂಸು ಮಲಗಿದೆಯಾ ಎಂದು. 'ಹೌದ್ರಿ, ಮಲಗ್ಯದ' ಎಂದಳು. ಜೀವ ಇದೆ ಎಂದು ನನಗೆ ಗೊತ್ತಾದದ್ದು ಹಾಗೆ.

ಡಾಕ್ಟರು ಇನ್ನೂ ಚಿಕ್ಕ ಪ್ರಾಯದವರು. ಬೆಕ್ಕನ್ನು ತೂಗಿದರು, ನಾಲ್ಕು ಕಿಲೋ ಮುನ್ನೂರು ಗ್ರಾಂ. ಕಿವಿಯ ಅಂಚಿಗೆ ಸೂಜಿ ಮುಟ್ಟಿಸಿ ಒಂದು ಹನಿ ರಕ್ತ ತೆಗೆದು ಮಷಿನ್ನಿಗೆ ಹಚ್ಚಿದರು. ಅಂಕಿಯೇ ಬರಲಿಲ್ಲ. ತೋರಿಸಲಾರದಷ್ಟು ಜಾಸ್ತಿ ಇದೆ ಎಂದರು. ಊಟಕ್ಕೆ ಏನು ಹಾಕುತ್ತೀರಿ ಎಂದಾಗ ಹಳೆಯ ರೂಢಿಯಂತೆ ಬಾಯಿಗೆ ಬಂದೇಬಿಟ್ಟಿತು, ಶುದ್ಧ ಶಾಕಾಹಾರಿ ಎಂದು. ಅವರು ಪೆನ್ನು ಕೆಳಗಿಟ್ಟರು.

'ಅಜ್ಜಾರ, ಇದು ಮಾಂಸ ತಿಂದು ಬದುಕೋ ಪ್ರಾಣಿರಿ. ನೀವು ಅದಕ್ಕ ಎಂಟ್ ವರ್ಷ ದಿನಾ ಮದುವಿ ಊಟ ಹಾಕೀರಿ.'

ನಾನು ಟೇಪು ತಂದಿದ್ದೆ. ಎಂಥ ಮನುಷ್ಯ ನೋಡಿ, ಸಾಯುವ ಬೆಕ್ಕಿನ ಜೊತೆ ಟೇಪನ್ನೂ ಕಿಸೆಯಲ್ಲಿಟ್ಟುಕೊಂಡು ಹೋಗಿದ್ದೆ, ನನ್ನ ಕಡೆಯಿಂದ ತಪ್ಪಾಗಿಲ್ಲ ಎಂದು ತೋರಿಸಲು. ಡಾಕ್ಟರು ಗೀಟುಗಳನ್ನು ನೋಡಿದರು. ಇದು ಬೆಕ್ಕು ಇಳಿದದ್ದಲ್ಲ, ಒಳಗಿನ ಸಕ್ಕರೆ ಮೈಗೆ ಹತ್ತದೆ ಮಾಂಸವೇ ಕರಗಿದ್ದು ಎಂದರು. ದಪ್ಪ ಬೆಕ್ಕನ್ನು ಇಳಿಸಬೇಕಾದರೂ ತಿಂಗಳಿಗೆ ಇಷ್ಟಿಷ್ಟೇ, ತೂಕ ನೋಡುತ್ತ ಇಳಿಸಬೇಕು, ಊಟ ಕಿತ್ತುಕೊಂಡರೆ ಲಿವರ್ ಹೋಗುತ್ತದೆ ಎಂದರು. ಆಮೇಲೆ ಏನೇನು ಲಕ್ಷಣ ಕಂಡಿತು ಎಂದು ಕೇಳಿದರು. ನಾನು ಹೇಳಿದೆ: ಇರುವೆ ಮುತ್ತುವುದು, ನೀರು ಕುಡಿಯುವುದು, ಹಿಮ್ಮಡಿ ಊರುವುದು. ಮೂರು ದಿನ ನಾನು ಬೈದು ಬಾಯಿ ಮುಚ್ಚಿಸಿದ ಮಾತುಗಳನ್ನು ಒಂದೂ ಬಿಡದೆ, ಅದೇ ಕ್ರಮದಲ್ಲಿ ಹೇಳಿದೆ.

ಡಾಕ್ಟರ ಮುಖ ಅರಳಿತು. 'ಇಷ್ಟು ಬರೋಬ್ಬರಿ ನೋಡೋರು ಕಮ್ಮಿರಿ. ಈ ಇರುವಿ ಮೊದಲ ನೋಡಿದ್ದು ಯಾರು?'

ಆಕೆ ಬೆಕ್ಕಿನ ತಲೆ ಹಿಡಿದುಕೊಂಡು ಟೇಬಲ್ಲಿನ ಆ ಕಡೆ ನಿಂತಿದ್ದಳು. ನನ್ನಿಂದ ಒಂದು ಮೊಳ ದೂರ.

'ನಾನೇ ರಿ' ಎಂದೆ.

ಆಕೆ ತಲೆ ಎತ್ತಲಿಲ್ಲ. ಬೆಕ್ಕಿನ ಕಿವಿಯ ಮೇಲಿನ ರಕ್ತದ ಚುಕ್ಕೆಯನ್ನು ಹೆಬ್ಬೆರಳಿನಿಂದ ಒರೆಸಿದಳು. ಡಬ್ಬಿ ಎಸೆದದ್ದು ಸಿಟ್ಟಿನಲ್ಲಿ ಆಯಿತು ಎಂದು ಯಾರಾದರೂ ನನ್ನ ಪರವಾಗಿ ಹೇಳಬಹುದು. ಇದಕ್ಕೆ ಆ ನೆವವೂ ಇಲ್ಲ. ಇದನ್ನು ತಣ್ಣಗೆ ಮಾಡಿದೆ.

ಬೆಕ್ಕನ್ನು ನಾಲ್ಕು ದಿನ ಅಲ್ಲೇ ಇಟ್ಟುಕೊಂಡು ಕೊಟ್ಟರು. ಬೆಳಗ್ಗೆ ಏಳಕ್ಕೆ, ಸಂಜೆ ಏಳಕ್ಕೆ ಇನ್ಸುಲಿನ್. ಹೆಗಲ ನಡುವಿನ ಸಡಿಲ ಚರ್ಮ ಎತ್ತಿ ಚುಚ್ಚಬೇಕು. ಹಾಲು, ಅನ್ನ, ಬೆಲ್ಲ ಬಂದ್. ಬೇಯಿಸಿದ ಕೋಳಿ, ತತ್ತಿ. ಮನೆಗೆ ತಂದ ದಿನ ಬೆಕ್ಕನ್ನು ನೋಡಲು ಆಕೆಯೂ ಬಂದಿದ್ದಳು. ಜೀವಮಾನವಿಡೀ ಸೂಜಿ ಹಿಡಿದವನು, ಕೂದಲೆಳೆಯಂಥ ಸೂಜಿ ಹಿಡಿದು ಬೆವರಿದೆ. 'ಸೂಜಿ ಹಿಡಿಯೋದು ನಿಮಗ ಕಲಿಸ್ಬೇಕಾ ಮಾಸ್ತರ್' ಎಂದು ಆಕೆ ಕೈಯಿಂದ ತೆಗೆದುಕೊಂಡು ಸಾವಕಾರನಿಗೆ ತಿಳಿಯುವ ಮೊದಲೇ ಚುಚ್ಚಿ ಮುಗಿಸಿದಳು. ಅಂದಿನಿಂದ ದಿನಕ್ಕೆರಡು ಸಲ ಬಂದಳು. ಅಂಗಳಕ್ಕೆ ಬರುವಳು, ಬೆಕ್ಕು ಉಂಡಿತೇ ಎಂದು ನೀಲಮ್ಮನನ್ನು ಕೇಳುವಳು, ಚುಚ್ಚುವಳು, ಹೋಗುವಳು. ಅಂಗಡಿಯ ಮೂಲೆಗೆ ಮಾತ್ರ ಬರಲಿಲ್ಲ. ನಾನೂ ಬಾ ಎನ್ನಲಿಲ್ಲ. ಬಾ ಎನ್ನಬೇಕಾದರೆ ಅದಕ್ಕೆ ಮೊದಲು ಇನ್ನೊಂದು ಮಾತು ಹೇಳಬೇಕಿತ್ತು. ಅಂಗಿಗಳಿಗೆ ನಾನೇ ಕಾಜಾ ಹೊಲಿದೆ. ಸೊಟ್ಟ ಸೊಟ್ಟ ಬಂದವು. ಗಿರಾಕಿಗಳು ಕಣ್ಣಿಗೇನಾಯಿತು ಎಂದು ಕೇಳಿದರು.

ಕೋಳಿ ಬೇಯಿಸುವ ಮಾತು ಬಂದಾಗ ಮನೆಯಲ್ಲಿ ಯುದ್ಧವಾಗುತ್ತದೆ ಎಂದುಕೊಂಡಿದ್ದೆ. ನನಗಿಂತ ಹೆಚ್ಚು ಪೂಜೆ ಪುನಸ್ಕಾರದವಳು ನೀಲಮ್ಮ. ಅವಳು ಅಂಗಳದ ಮೂಲೆಯಲ್ಲಿ ಬೇರೆ ಒಲೆ ಹೂಡಿ, ಮೂಗಿಗೆ ಸೆರಗು ಸುತ್ತಿಕೊಂಡು, ಬೇರೆ ಬೋಗುಣಿಯಲ್ಲಿ ಬೇಯಿಸಲು ಕೂತಳು. ನಾನು ಮುಖ ತಿರುಗಿಸಿದರೆ, 'ಅದರ ಅನ್ನ ಅದು ತಿಂತದ, ನೀವ್ಯಾಕ ಮಾರಿ ಹುಳ್ಳಗ ಮಾಡ್ತೀರಿ' ಎಂದಳು. ಸುದ್ದಿ ಹೊರಗೆ ಹೋಯಿತು. ನಮ್ಮವರೇ ಒಬ್ಬ ಹಿರಿಯರು ಬಂದು, ಲಿಂಗವಂತರ ಅಂಗಳದಲ್ಲಿ ಕೋಳಿಯ ವಾಸನೆ ಬರುತ್ತಿದೆಯಂತೆ ಎಂದರು. ಅವರಿಗೆ ಕೊಡಲು ನನ್ನ ಬಳಿ ಸಿಟ್ಟು ಇರಲಿಲ್ಲ. ಔಷಧಿ ಎಂದೆ, ಕೈ ಮುಗಿದೆ. ಇವರ ಮುಂದೆ ಮುಗಿಯುವ ಕೈ ಆಕೆಯ ಡಬ್ಬಿಯ ಮೇಲೆ ಹೇಗೆ ಏರಿತು?

ಎರಡನೆಯ ತಿಂಗಳಲ್ಲಿ ನನಗೊಂದು ದುರಹಂಕಾರ ಬಂತು. ದಿನವೂ ಆಕೆಯ ಮುಖ ನೋಡುವುದು ಭಾರವಾಗಿತ್ತು. ನಾನೇ ಚುಚ್ಚುವುದನ್ನು ಕಲಿತರೆ ಆಕೆ ಬರುವ ಅಗತ್ಯವಿಲ್ಲ, ನಾನು ನಾಚುವ ಅಗತ್ಯವೂ ಇಲ್ಲ ಎಂದು ಲೆಕ್ಕ ಹಾಕಿದೆ. ಒಂದು ಬೆಳಗ್ಗೆ ಆಕೆ ಬರುವ ಮೊದಲೇ ಚುಚ್ಚಿಬಿಟ್ಟೆ. ಬೆವರಲಿಲ್ಲ. ಆಕೆ ಬಂದಾಗ, ಆಯಿತು ಹೋಗು ಎಂದು ಬಾಗಿಲಿನಿಂದಲೇ ಕಳಿಸಿದೆ. ಬೆಕ್ಕು ಇನ್ನೂ ಉಂಡಿರಲಿಲ್ಲ ಎಂಬುದು ನನ್ನ ತಲೆಗೆ ಬರಲಿಲ್ಲ. ಒಂದು ತಾಸಿನ ಮೇಲೆ ಅದು ಕುಡಿದವರಂತೆ ಓಲಾಡಿತು, ಬಿತ್ತು, ಕಾಲು ಬಡಿಯಿತು. ನೀಲಮ್ಮ ಬೆಲ್ಲದ ನೀರು ಮಾಡಿ ಅದರ ಒಸಡಿಗೆ ಬೆರಳಿನಿಂದ ಸವರುತ್ತ ಕೂತಳು. ಹಾಗೆ ಮಾಡಬೇಕೆಂದು ಆಕೆಯೇ ಮೊದಲ ದಿನ ಹೇಳಿಕೊಟ್ಟಿದ್ದಳಂತೆ. ನನಗೂ ಹೇಳಿದ್ದಳು, ನಾನು ಕೇಳಿರಲಿಲ್ಲ. ಬೆಕ್ಕು ಕಣ್ಣು ಬಿಟ್ಟಾಗ ನಾನು ಅಂಗಳದ ಗೋಡೆಗೆ ಒರಗಿ ಕೂತಿದ್ದೆ. ಸಂಜೆ ಆಕೆ ಬಂದಳು, ನೀಲಮ್ಮ ಎಲ್ಲ ಹೇಳಿದಳು. ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

'ಮೊದಲ ಉಣಬೇಕ್ರಿ, ಆಮ್ಯಾಲ ಚುಚ್ಚಬೇಕು' ಎಂದಳು ಅಷ್ಟೇ. ಮರುದಿನ ಬೆಳಗ್ಗೆ ಏಳಕ್ಕೆ ಮತ್ತೆ ಬಂದಳು.

ಐದು ತಿಂಗಳು ಬಂದಳು. ಮಳೆ ಬಂದರೆ ತಲೆಗೆ ಗೊಬ್ಬರದ ಚೀಲ ಹೊದ್ದು ಬಂದಳು. ವಾರಕ್ಕೊಮ್ಮೆ ಕಿರಾಣಿ ಅಂಗಡಿಯಲ್ಲಿ ತೂಕ ಮಾಡಿಸಿದೆವು. ನಾಲ್ಕೂವರೆ, ನಾಲ್ಕು ಮುಕ್ಕಾಲು, ಐದು. ಹಿಮ್ಮಡಿ ಎದ್ದಿತು, ಮೈ ಕೂದಲು ಹೊಳೆಯಿತು. ಹುಮನಾಬಾದಿಗೆ ಹೋದಾಗಲೆಲ್ಲ ಡಾಕ್ಟರು ಔಷಧಿ ಸ್ವಲ್ಪ ಸ್ವಲ್ಪ ಕಡಿಮೆ ಮಾಡಿದರು. ಕೊನೆಗೆ ಒಂದು ದಿನ, ಇನ್ನು ಸೂಜಿ ಬೇಡ, ಊಟ ತಪ್ಪಿಸಬೇಡಿ, ಬೆಕ್ಕುಗಳಿಗೆ ಹೀಗೆ ಬಿಟ್ಟುಹೋಗುವುದುಂಟು, ಮತ್ತೆ ಬಂದರೂ ಬರಬಹುದು, ನೋಡುತ್ತಿರಿ ಎಂದರು. ನೋಡುವುದರಲ್ಲಿ ನೀವು ಹುಷಾರಿದ್ದೀರಲ್ಲ ಅಜ್ಜಾರ ಎಂದೂ ಅಂದರು. ಅಂದು ನಾನೊಬ್ಬನೇ ಹೋಗಿದ್ದೆ. ಆಗಲೂ ಹೌದೆಂದು ತಲೆಯಾಡಿಸಿ ಬಂದೆ.

ಸಂಜೆ ಆಕೆ ಬಂದಾಗ, ಇನ್ನು ಸೂಜಿ ಬೇಡವಂತೆ ಎಂದು ತಿಳಿಸಿದೆ. 'ಛಲೋ ಆತು' ಎಂದು ಸಾವಕಾರನ ಗದ್ದ ತುರಿಸಿದಳು. ಅಂಗಳದ ಬಾಗಿಲಿಗೆ ಏಳೆಂಟು ಹೆಜ್ಜೆ. ಆ ಏಳೆಂಟು ಹೆಜ್ಜೆಯಲ್ಲಿ ಹೇಳಿಬಿಡಬಹುದಿತ್ತು. ನಾನು ಹೇಳಿದ್ದು, ಚಹಾ ಕುಡಿದು ಹೋಗು ಎಂದು. ಮನೆಯಲ್ಲಿ ಕುಡಿಯುತ್ತೇನೆ ಎಂದು ಹೋದಳು. ಇಪ್ಪತ್ತಾರು ವರ್ಷದಲ್ಲಿ ಆಕೆಗೆ ಚಹಾ ಕೊಟ್ಟದ್ದು ಕಿಟಕಿಯಲ್ಲಿಟ್ಟ ಬೇರೆ ಕಪ್ಪಿನಲ್ಲಿ ಎಂಬುದು ಆಕೆ ಹೋದ ಮೇಲೆ ನೆನಪಾಯಿತು.

ಮರುವರ್ಷ ಆಕೆಯ ಕಾಲಿನ ಬೆರಳು ಶುಗರಿನಿಂದ ಕೊಳೆತು ತೆಗೆಯಬೇಕಾಯಿತು. ಹುಲಸೂರದ ಮಗಳ ಮನೆಗೆ ಹೋದಳು. ನಾನು ಒಮ್ಮೆ ಹೋಗಿ ಬಂದೆ. ಅಂಗಳದಲ್ಲಿ ಕಾಲು ಚಾಚಿ ಕೂತು ಯಾರದೋ ಕುಪ್ಪಸಕ್ಕೆ ಗುಂಡಿ ಹಚ್ಚುತ್ತಿದ್ದಳು. ತನ್ನ ಕಾಲಿನ ಮಾತು ಎತ್ತಲಿಲ್ಲ. ಸಾವಕಾರನ ತೂಕ ಕೇಳಿದಳು, ಐದು ಕಿಲೋ ಇನ್ನೂರು ಎಂದೆ.

'ಟೇಪ್ ಹಚ್ಚೋದು ಬಿಟ್ಟೀರೇನು?'

ಬಿಟ್ಟೆ ಎಂದೆ. ಆಕೆ ನಕ್ಕಳು. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಮಗಳು ಚಹಾ ತಂದು ನನ್ನ ಮುಂದಿಟ್ಟು, ಕುಡಿಯುತ್ತಾನೋ ಇಲ್ಲವೋ ಎಂದು ನೋಡುತ್ತ ನಿಂತಳು. ಕುಡಿದೆ. ಪೂರ್ತಿ ಕುಡಿದೆ. ಮಳೆಯ ಮಾತು, ತೊಗರಿಯ ಮಾತು ಆಡಿ ಎದ್ದು ಬಂದೆ. ವಾಪಸು ಬರುವ ಬಸ್ಸಿನಲ್ಲಿ ಎದೆ ಹಗುರವಾಗಿತ್ತು, ಏನೋ ದೊಡ್ಡ ಕೆಲಸ ಮುಗಿಸಿ ಬಂದವನ ಹಾಗೆ. ಅರ್ಧ ದಾರಿಗೆ ಬಂದಾಗ ತಿಳಿಯಿತು, ಆಕೆಯ ಮನೆಯ ಚಹಾ ಕುಡಿದದ್ದನ್ನೇ ನಾನು ಕ್ಷಮೆ ಕೇಳಿದಂತೆ ಎಂದು ಎಣಿಸಿಕೊಂಡಿದ್ದೆ. ನಾನು ಉಪಕಾರ ಮಾಡಿ ಬಂದಂತೆ. ಅಂಥ ನೀಚನ ಮೇಲೆ ಎಷ್ಟು ಸಿಟ್ಟು ಮಾಡಿದರೂ ಸಾಲದು. ಮೂರು ವರ್ಷದಿಂದ ಮಾಡುತ್ತಿದ್ದೇನೆ, ಅದರಿಂದ ಆಕೆಗೆ ಏನೂ ಸಿಕ್ಕಿಲ್ಲ. ಈಗಲೂ ಹುಲಸೂರಕ್ಕೆ ದಿನಕ್ಕೆ ಹಲವು ಬಸ್ಸಿವೆ. ನಾನು ಹತ್ತಿಲ್ಲ.

ಆಕೆ ಪೇಪರು ಪತ್ರಿಕೆ ಏನು ಸಿಕ್ಕರೂ ಜಾಹೀರಾತು ಕೂಡ ಬಿಡದೆ ಓದುವವಳು. ಇದು ಪತ್ರಿಕೆಯಲ್ಲಿ ಬಂದರೆ ಇದನ್ನೂ ಓದುತ್ತಾಳೆ. ಹುಮನಾಬಾದಿನ ಡಾಕ್ಟರು ಓದಿದರೆ ಅವರಿಗೂ ಹೇಳುತ್ತಿದ್ದೇನೆ: ಡಾಕ್ಟರಮ್ಮ, ಅಂದು ನೀವು ಕೇಳಿದ್ದಕ್ಕೆ ನಾನು ಸುಳ್ಳು ಹೇಳಿದೆ. ಇರುವೆಗಳನ್ನು ಮೊದಲು ನೋಡಿದ್ದು ನಾನಲ್ಲ. ಬೆಕ್ಕಿಗೆ ಅದರ ಅನ್ನ ಕೊಟ್ಟದ್ದು ನಾನಲ್ಲ, ಐದು ತಿಂಗಳು ಏಳು ಗಂಟೆ ತಪ್ಪಿಸದೆ ಸೂಜಿ ಹಿಡಿದದ್ದೂ ನಾನಲ್ಲ. ಬೆಕ್ಕಿನ ತಲೆ ಹಿಡಿದುಕೊಂಡು ನಿಮ್ಮ ಟೇಬಲ್ಲಿನ ಆ ಕಡೆ ನಿಂತಿದ್ದಳಲ್ಲ, ನೀವು ನನ್ನ ಮನೆಯ ಕೆಲಸದವಳು ಎಂದುಕೊಂಡು ಹೆಸರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಅವಳ ಹೆಸರು ಸೋಜರಬಾಯಿ.